ಖಾಕಿ ಸೀರೆಯ ಟೈಪಿಸ್ಟರು

1942ರ ಏಪ್ರಿಲ್ 5ರಂದು ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಾಂಬು ಹಾಕಿದವು. ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಸರದಿ. ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಕ್ಕೆ ಓಡಿದರು, ಸರ್ಕಾರಿ ಕಚೇರಿಗಳೂ ಕಡತಗಳನ್ನು ಹೊತ್ತು ಒಳನಾಡಿನ ಊರುಗಳಿಗೆ ಹೊರಟವು. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತ್ಯದ ಜಿಲ್ಲೆ. ಮಂಗಳೂರಿನ ಕಲೆಕ್ಟರ ಕಚೇರಿಗೆ ಹುಕುಂ ಬರಬೇಕಾದದ್ದು ಹೀಗೆ ಚದುರಿಹೋದ ಕಚೇರಿಗಳಿಂದಲೇ.

ಬರ್ಮಾ ಕೈಬಿಟ್ಟುಹೋಗುತ್ತಿದ್ದ, ಕರಾವಳಿಯುದ್ದಕ್ಕೂ ಗಾಬರಿ ಹಬ್ಬಿದ್ದ ಆ ವರ್ಷವೇ ಭಾರತ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿ ವಿಮೆನ್ಸ್ ಆಕ್ಸಿಲಿಯರಿ ಕೋರ್ ಇಂಡಿಯಾ ಎಂಬ ಮಹಿಳಾ ಸಹಾಯಕ ದಳವನ್ನು ಕಟ್ಟಿತು. ಬಾಯಿಮಾತಿನಲ್ಲಿ ಅದು ‘ವ್ಯಾಕ್ ಐ’. ಭಾರತದ ಸೇನೆ ಹೆಂಗಸರಿಗೆ ಆಸ್ಪತ್ರೆಯ ಹೊರಗೆ ಸಮವಸ್ತ್ರ ಕೊಟ್ಟದ್ದು ಇದೇ ಮೊದಲು. ಅವರ ಕೈಗೆ ಬಂದೂಕು ಬರಲಿಲ್ಲ. ಟೈಪ್‌ರೈಟರು, ಟೆಲಿಫೋನ್ ಸ್ವಿಚ್‌ಬೋರ್ಡು, ಸಂಕೇತಲಿಪಿಯ ಪುಸ್ತಕ, ಕಡತದ ಕಪಾಟಿನ ಬೀಗದಕೈ ಬಂದವು.

ಮೇಜಿನ ಹಿಂದಿನ ಈ ಸೇವೆಗೆ ಸ್ಮರಣ ಸಂಚಿಕೆಗಳು ಕೊಡುವ ಜಾಗ ಕಡಿಮೆ. ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕದ ಎದುರು ಹೂ ಇಡುವಾಗ ಕಣ್ಣ ಮುಂದೆ ಬರುವುದು ಗಡಿಯ ಸಿಪಾಯಿ. ಅದು ಸರಿಯೇ. ಆದರೆ ಆ ಸಿಪಾಯಿಯನ್ನು ಗಡಿಗೆ ಕಳುಹಿಸಿದ ಆದೇಶವನ್ನು ಯಾರೋ ಬರೆದುಕೊಂಡಿರುತ್ತಾರೆ, ಇನ್ಯಾರೋ ಟೈಪು ಮಾಡಿ, ಏಳೆಂಟು ಪ್ರತಿ ತೆಗೆದು, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿರುತ್ತಾರೆ. ಎರಡನೇ ಮಹಾಯುದ್ಧದ ಕೊನೆಯ ಮೂರು ವರ್ಷ ಭಾರತದ ಸೇನಾ ಕಚೇರಿಗಳಲ್ಲಿ ಆ ‘ಯಾರೋ’ ಬಹಳಷ್ಟು ಸಲ ಒಬ್ಬ ಹೆಂಗಸು.

ಕಾರಣ ಲೆಕ್ಕದಲ್ಲಿದೆ. 1939ರಲ್ಲಿ ಸುಮಾರು 2 ಲಕ್ಷವಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ಮುಟ್ಟಿತು. ಒಬ್ಬೊಬ್ಬ ಸಿಪಾಯಿಗೂ ಭರ್ತಿ ಕಾಗದ, ಸಂಬಳದ ಪಟ್ಟಿ, ರಜೆ ಚೀಟಿ, ಬಟ್ಟೆಬರೆಯ ಲೆಕ್ಕ. ಸತ್ತರೆ ಮನೆಗೆ ತಂತಿ, ಬದುಕಿದರೆ ಬಿಡುಗಡೆ ಪತ್ರ. ಜತೆಗೆ ರೇಷನ್, ಪೆಟ್ರೋಲು, ಹೇಸರಗತ್ತೆ, ದೋಣಿ, ಸೊಳ್ಳೆಪರದೆ. ಇಷ್ಟನ್ನೂ ಕಾಗದದ ಮೇಲೆ ಓಡಾಡಿಸಲು ಬೇಕಾದ ಗಂಡಸು ಗುಮಾಸ್ತರು ಸೇನೆಯಲ್ಲಿ ಇರಲಿಲ್ಲ. ಇದ್ದವರನ್ನು ರಣರಂಗದ ಹತ್ತಿರಕ್ಕೆ ಕಳುಹಿಸಬೇಕಾಗಿತ್ತು. ಬ್ರಿಟನ್ನಿನಲ್ಲಿ ಎ.ಟಿ.ಎಸ್. ಎಂಬ ಮಹಿಳಾ ದಳ ಇದೇ ಕೆಲಸವನ್ನು ಆಗಲೇ ಮಾಡುತ್ತಿತ್ತು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಇಲ್ಲಿನ ದಳ ಹುಟ್ಟಿತು.

ಸೇರುವವರಿಗೆ ಎರಡು ದಾರಿ ಇದ್ದವು. ಮನೆಯಲ್ಲೇ ಇದ್ದುಕೊಂಡು ಅದೇ ಊರಿನ ಸೇನಾ ಕಚೇರಿಗೆ ಹೋಗಿ ಬರುವುದು ಒಂದು. ದೇಶದ ಯಾವ ಮೂಲೆಗೆ ಕಳುಹಿಸಿದರೂ ಹೊರಡುತ್ತೇನೆಂದು ಸಹಿ ಹಾಕುವುದು ಇನ್ನೊಂದು. ಎರಡನೆಯವರಿಗೆ ಹಾಸ್ಟೆಲು, ಮೆಸ್ಸು, ರೈಲಿನ ವಾರಂಟು. ಅಧಿಕಾರಿಗಳ ದರ್ಜೆಯ ಹೆಸರುಗಳೂ ಎ.ಟಿ.ಎಸ್.ನಿಂದಲೇ ಬಂದವು: ಸಬಾಲ್ಟರ್ನ್, ಜೂನಿಯರ್ ಕಮಾಂಡರ್, ಸೀನಿಯರ್ ಕಮಾಂಡರ್, ಚೀಫ್ ಕಮಾಂಡರ್. ಭಾರತೀಯ ಸೇನೆಯ ಪಾಲಿಗೆ ದಳದ ಗರಿಷ್ಠ ಬಲ ಸುಮಾರು 850 ಅಧಿಕಾರಿಗಳು ಮತ್ತು 7,200 ಸಹಾಯಕಿಯರು. ಮೊದಮೊದಲು ಬಂದವರಲ್ಲಿ ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಮಹಿಳೆಯರೇ ಹೆಚ್ಚು. ಬರಬರುತ್ತ ಭಾರತೀಯ ಕ್ರೈಸ್ತರು, ಆಮೇಲೆ ಉಳಿದ ಸಮುದಾಯದವರೂ ಸೇರಿದರು. ಸ್ಕರ್ಟ್ ಒಲ್ಲದವರಿಗೆ ಖಾಕಿ ಸೀರೆ ಇತ್ತು. ಸೀರೆಯುಟ್ಟು, ಭುಜದ ಮೇಲೆ ದರ್ಜೆಯ ಗುರುತು ಧರಿಸಿ ಸಲಾಮು ಹೊಡೆಯುವ ಹೆಂಗಸನ್ನು ಆವರೆಗೆ ಯಾವ ಕಂಟೋನ್ಮೆಂಟೂ ಕಂಡಿರಲಿಲ್ಲ.

ಕನ್ನಡನಾಡಿನ ಮಟ್ಟಿಗೆ ಈ ಕಥೆಯ ನಡುಮನೆ ಬೆಂಗಳೂರು. 1942ರಲ್ಲಿ ಸದರ್ನ್ ಕಮಾಂಡನ್ನು ಸದರ್ನ್ ಆರ್ಮಿ ಎಂದು ಮಾಡಿ, ಅದರ ಕೇಂದ್ರ ಕಚೇರಿಯನ್ನು ಬೆಂಗಳೂರಿನಲ್ಲಿಟ್ಟರು. ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ನೋಯೆಲ್ ಬೆರೆಸ್‌ಫರ್ಡ್-ಪಿಯರ್ಸ್. ದಕ್ಷಿಣ ಮತ್ತು ಪಶ್ಚಿಮ ಭಾರತದ ಬಹುಭಾಗ ಅದರ ಹೊಣೆ. ಅಂದರೆ ಮಂಗಳೂರಿನ ಕಡಲ ತೀರವೂ ಆ ಕಚೇರಿಯ ನಕ್ಷೆಯೊಳಗಿತ್ತು. ಜಪಾನಿಗಳು ದಕ್ಷಿಣದ ತೀರಕ್ಕೆ ಇಳಿದರೆ ಎಂಬ ಭಯದ ದಿನಗಳವು. 25ನೇ ಭಾರತೀಯ ಪದಾತಿ ಡಿವಿಷನ್ ಕೂಡ ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮುಂದೆ ಬರ್ಮಾದ ಅರಕಾನಿನಲ್ಲಿ ಕಾದಿತು.

ಅದೇ ಬೆಂಗಳೂರಿನಲ್ಲಿ ಹೊರಗಿನವರಿಗೆ ಸುಳಿವೂ ಇಲ್ಲದ ಇನ್ನೊಂದು ಕಚೇರಿ ಇತ್ತು. ಜಪಾನಿ ರೇಡಿಯೋ ಸಂದೇಶಗಳನ್ನು ಕದ್ದು ಕೇಳಿ ಬಿಡಿಸುವ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ದೆಹಲಿಯ ಆನಂದ ಪರ್ವತದಲ್ಲಿ ನಡೆಯುತ್ತಿತ್ತು. ಅದಕ್ಕೆ ಎರಡು ಉಪಕೇಂದ್ರ: ಒಂದು ಕಲ್ಕತ್ತಾದ ಬಳಿಯ ಬಾರಕ್‌ಪುರದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ದೆಹಲಿಯ ಕೇಂದ್ರದಲ್ಲಿ ದಳದ ಮಹಿಳೆಯರೂ ದುಡಿದರು. ಕಾಗದಗಳನ್ನು ವಿಂಗಡಿಸುವುದು, ಸೂಚಿಪಟ್ಟಿ ಮಾಡುವುದು, ಟೈಪಿಸುವುದು ಅವರ ಪಾಲಿನ ಕೆಲಸ. ‘ಗುಮಾಸ್ತಿಕೆ’ ಎಂದು ಮೂಗು ಮುರಿಯುವವರು ಒಂದು ಮಾತು ನೆನಪಿಡಬೇಕು. ಶತ್ರುವಿನ ಸಂಕೇತ ಒಡೆಯುವುದು ಒಬ್ಬ ಬುದ್ಧಿವಂತನ ಮಿಂಚಿನಿಂದಲ್ಲ, ಸಾವಿರಾರು ಚೀಟಿಗಳನ್ನು ತಪ್ಪಿಲ್ಲದೆ ಜೋಡಿಸಿಟ್ಟವರ ತಾಳ್ಮೆಯಿಂದ.

ಸೇನಾ ಕೇಂದ್ರ ಕಚೇರಿಯ ಕೆಲಸ ಮೂರು ಅಕ್ಷರಗಳಲ್ಲಿ ಹಂಚಿಹೋಗಿರುತ್ತಿತ್ತು. ‘ಜಿ’ ಅಂದರೆ ಕಾರ್ಯಾಚರಣೆ, ಗುಪ್ತಚರ, ತರಬೇತಿ. ‘ಎ’ ಅಂದರೆ ಜನ: ನೇಮಕ, ಶಿಸ್ತು, ರಜೆ, ಸಾವುನೋವು. ‘ಕ್ಯೂ’ ಅಂದರೆ ಸಾಮಾನು ಮತ್ತು ಸಾಗಣೆ. ಅಧಿಕಾರಿಯ ಆಪ್ತ ಕಾರ್ಯದರ್ಶಿಯಾಗಿ ಕೂತವಳು ಈ ಮೂರರ ನಡುವಿನ ಓಡಾಟವನ್ನೂ ತಿಳಿದಿರಬೇಕು. ಯಾವ ಕಾಗದ ಯಾರಿಗೆ ಹೋಗಬೇಕು, ಯಾರಿಗೆ ಹೋಗಕೂಡದು ಎಂಬುದು ಟೈಪಿಂಗಿನಷ್ಟೇ ಮುಖ್ಯವಾದ ವಿದ್ಯೆ.

ಆ ವಿದ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪ್ಯೂಟರಿನ ಮುಂದೆ ಬೆಳೆದವರಿಗೆ ಇದು ಊಹೆಗೆ ಸಿಗುವುದಿಲ್ಲ.

ಅಧಿಕಾರಿ ನಕ್ಷೆಯ ಮುಂದೆ ಅಡ್ಡಾಡುತ್ತ ಹೇಳುತ್ತ ಹೋಗುತ್ತಾನೆ. ಸ್ಟೆನೋ ಪಿಟ್‌ಮನ್ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುತ್ತಾಳೆ. ಆ ಲಿಪಿಯಲ್ಲಿ ತೆಳುಗೆರೆ ಎಳೆದರೆ ‘ಪ’, ಅದೇ ಗೆರೆಯನ್ನು ಒತ್ತಿ ಎಳೆದರೆ ‘ಬ’. ಗೆರೆ ಸಾಲಿನ ಮೇಲಿದೆಯೋ, ಸಾಲಿಗೆ ತಾಗಿದೆಯೋ, ಸಾಲನ್ನು ಸೀಳಿದೆಯೋ ಎಂಬುದರ ಮೇಲೆ ಸ್ವರ ಬದಲಾಗುತ್ತದೆ. ವ್ಯಾಪಾರದ ಪತ್ರವಾದರೆ ಅರ್ಧ ಮರೆತರೂ ಊಹಿಸಬಹುದು. ಸೇನೆಯ ಆದೇಶದಲ್ಲಿ ಊಹೆಗೆ ಜಾಗವಿಲ್ಲ. ಮೇಲಾಗಿ ಹೆಸರುಗಳೆಲ್ಲ ಬರ್ಮಾದವು. ಅಧಿಕಾರಿಯ ಬಾಯಲ್ಲಿ ‘ಮಿಚೀನಾ’ ಎಂದು ಕೇಳಿದ ಊರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಂ, ವೈ, ಐ, ಟಿ, ಕೆ, ವೈ, ಐ, ಎನ್, ಎ. ಕಿವಿಯನ್ನು ನಂಬಿ ಟೈಪು ಮಾಡಿದರೆ ನಕ್ಷೆಯಲ್ಲಿಲ್ಲದ ಊರಿಗೆ ಸೈನ್ಯ ಹೊರಡುತ್ತದೆ. ಊರಿನ ಹೆಸರುಗಳನ್ನು ಆದೇಶಗಳಲ್ಲಿ ಪೂರ್ತಿ ದೊಡ್ಡಕ್ಷರಗಳಲ್ಲೇ ಬರೆಯಬೇಕೆಂಬ ಸೇನಾ ನಿಯಮ ಹುಟ್ಟಿದ್ದು ಇಂಥ ಭಯದಿಂದ. ವೇಳೆ 24 ಗಂಟೆಯ ಲೆಕ್ಕದಲ್ಲಿ, ಪ್ಯಾರಾಗಳಿಗೆ ಕ್ರಮಸಂಖ್ಯೆ, ಪ್ರತಿಗಳಿಗೂ ಸಂಖ್ಯೆ. ಮೂರನೇ ಪ್ರತಿ ಯಾರ ಬಳಿ ಇದೆ ಎಂದು ಯಾವಾಗ ಕೇಳಿದರೂ ಉತ್ತರ ಸಿಗಬೇಕು.

ಆಮೇಲೆ ಯಂತ್ರ. ಐದಾರು ಪ್ರತಿ ಬೇಕಿದ್ದರೆ ತೆಳುಹಾಳೆಗಳ ನಡುವೆ ಕಾರ್ಬನ್ ಇಟ್ಟು ಹೊಡೆಯಬೇಕು. ಕೊನೆಯ ಹಾಳೆಯವರೆಗೂ ಅಚ್ಚು ಮೂಡಬೇಕಾದರೆ ಬೆರಳಿಗೆ ಬಲ ಬೇಕು. ಒಂದಕ್ಷರ ತಪ್ಪಿದರೆ ಆರು ಹಾಳೆಯಲ್ಲೂ ಒಂದೊಂದಾಗಿ ಉಜ್ಜಿ ತಿದ್ದಬೇಕು. ಐವತ್ತು ನೂರು ಪ್ರತಿಗಳಿಗೆ ಸ್ಟೆನ್ಸಿಲ್. ರಿಬ್ಬನ್ ತಪ್ಪಿಸಿ, ಬರೀ ಅಚ್ಚಿನ ಮೊಳೆಯಿಂದ ಮೇಣದ ಹಾಳೆಯನ್ನು ಕೊರೆಯುವ ಕೆಲಸ ಅದು. ಮೆಲ್ಲಗೆ ಹೊಡೆದರೆ ಮಸಿ ಇಳಿಯದು. ಜೋರಾಗಿ ಹೊಡೆದರೆ ‘ಓ’ ಅಕ್ಷರದ ಹೊಟ್ಟೆಯೇ ಕಳಚಿ ಬಿದ್ದು, ಪ್ರತಿಯಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ತಪ್ಪಾದರೆ ತಿದ್ದುವ ದ್ರಾವಣವನ್ನು ಕುಂಚದಲ್ಲಿ ಹಚ್ಚಿ, ಒಣಗುವವರೆಗೆ ಕಾದು, ಅದರ ಮೇಲೆ ಮತ್ತೆ ಹೊಡೆಯಬೇಕು. ಬಳಿಕ ಅದನ್ನು ಗೆಸ್ಟೆಟ್ನರ್ ಯಂತ್ರಕ್ಕೆ ಸುತ್ತಿ ಹಿಡಿ ತಿರುಗಿಸುವುದು. ದಿನದ ಕೊನೆಗೆ ಬಳಸಿದ ಕಾರ್ಬನ್, ಹಳೆಯ ಸ್ಟೆನ್ಸಿಲ್, ಶೀಘ್ರಲಿಪಿ ಪುಸ್ತಕದ ಹಾಳೆಗಳನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. ಗುಟ್ಟಿನ ಕಸವೆಲ್ಲ ಬೆಂಕಿಗೆ ಹೋಗಬೇಕು. ಬೆಳಕಿಗೆ ಹಿಡಿದರೆ ಕಾರ್ಬನ್ ಹಾಳೆ ಇಡೀ ಆದೇಶವನ್ನು ಹೇಳಿಬಿಡುತ್ತದೆ.

ಗುಟ್ಟು ಕಾಯುವುದು ಎಷ್ಟು ದೂರ ಹೋಗುತ್ತಿತ್ತೆಂಬುದಕ್ಕೆ ನಮ್ಮದೇ ಕರಾವಳಿಯ ನೆರೆಯ ಉದಾಹರಣೆ ಇದೆ. 1943ರ ಮಾರ್ಚ್ 9ರ ರಾತ್ರಿ ಪೋರ್ಚುಗೀಸ್ ಗೋವೆಯ ಮುರ್ಮಗೋವಾ ಬಂದರಿನಲ್ಲಿ ಲಂಗರು ಹಾಕಿದ್ದ ಎಹ್ರೆನ್‌ಫೆಲ್ಸ್ ಎಂಬ ಜರ್ಮನ್ ಹಡಗಿನ ಮೇಲೆ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಮೀಸಲು ಪಡೆಯ ನಡುವಯಸ್ಸಿನ ವ್ಯಾಪಾರಸ್ಥರು ದೋಣಿಯಲ್ಲಿ ಹೋಗಿ ದಾಳಿ ಮಾಡಿದರು. ಹಡಗು ಮುಳುಗಿತು. ಅರಬ್ಬಿ ಸಮುದ್ರದ ಜರ್ಮನ್ ಸಬ್‌ಮರೀನುಗಳಿಗೆ ಅದು ರೇಡಿಯೋದಲ್ಲಿ ಸುಳಿವು ಕೊಡುತ್ತಿತ್ತೆಂಬುದು ದಾಳಿಗೆ ಕಾರಣ. ಈ ಸಂಗತಿ ಜನರಿಗೆ ತಿಳಿದದ್ದು 1978ರಲ್ಲಿ, ಅದರ ಬಗ್ಗೆ ಒಂದು ಪುಸ್ತಕ ಬಂದ ಮೇಲೆ.

ಇನ್ನು ಮಂಗಳೂರು. ಸೇನೆಗೆ ಬೇಕಾದದ್ದು ಇಂಗ್ಲಿಷ್ ಬಲ್ಲ, ಮನೆಯಿಂದ ಹೊರಗೆ ದುಡಿಯಲು ಅಂಜದ ಹುಡುಗಿಯರು. ಅಂಥವರನ್ನು ಬೆಳೆಸುವ ಕೆಲಸ ಈ ಊರಿನಲ್ಲಿ ಯುದ್ಧಕ್ಕೆ ಎಪ್ಪತ್ತು ವರ್ಷ ಮೊದಲೇ ಶುರುವಾಗಿತ್ತು. ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರು 1870ರಲ್ಲಿ ಇಲ್ಲಿಗೆ ಬಂದಿಳಿದು ಸೇಂಟ್ ಆನ್ಸ್ ಶಾಲೆ ತೆರೆದರು. ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲ್ ಕಟ್ಟಿ, 1894ರಲ್ಲಿ ಹುಡುಗಿಯರ ಶಾಲೆಯನ್ನೂ ಶುರುಮಾಡಿದರು. ಬಾಸೆಲ್ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳು ಅದಕ್ಕೂ ಹಳೆಯವು. 1918ರಲ್ಲಿ ರಾಷ್ಟ್ರೀಯ ಬಾಲಿಕಾ ಶಾಲೆ ಬಂತು. ಅದೇ ಇಂದಿನ ಬೆಸೆಂಟ್ ಶಾಲೆ. 1921ರಲ್ಲಿ ಮದರ್ ಅಲೋಷಿಯಾ ಅವರ ನೇತೃತ್ವದಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದಾಗ ಹೆಣ್ಣುಮಕ್ಕಳು ಊರು ಬಿಡದೆ ಮದ್ರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವಂತಾಯಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಇದರ ಜತೆಗೆ ಮದ್ರಾಸು ಪ್ರಾಂತ್ಯದ ಒಂದು ವಿಶೇಷವೂ ಕೂಡಿಬಂತು. ಟೈಪಿಂಗು, ಶಾರ್ಟ್‌ಹ್ಯಾಂಡಿಗೆ ಸರ್ಕಾರವೇ ಲೋವರ್, ಹೈಯರ್ ಎಂದು ಪರೀಕ್ಷೆ ನಡೆಸುತ್ತಿತ್ತು. ‘ಟೈಪು ಹೈಯರ್ ಆಗಿದೆ’ ಎಂಬ ಮಾತು ಕೆಲಸ ಹುಡುಕುವಾಗಲೂ ಗಂಡು ಹುಡುಕುವಾಗಲೂ ನಡೆಯುವ ನಾಣ್ಯವಾಗಿತ್ತು. ಮಂಗಳೂರಿನ ಕ್ರೈಸ್ತ ಕುಟುಂಬಗಳ ಮಕ್ಕಳು ಮುಂಬಯಿಯ ಕಂಪನಿ ಕಚೇರಿಗಳಲ್ಲಿ ಸ್ಟೆನೋ, ಟೈಪಿಸ್ಟ್ ಆಗಿ ನೆಲೆಯೂರುವುದು ಆಗಲೇ ರೂಢಿಯಾಗಿತ್ತು. ಯುದ್ಧ ಅದೇ ಕೌಶಲಕ್ಕೆ ಖಾಕಿ ಬಣ್ಣ ಬಳಿಯಿತು, ಅಷ್ಟೆ.

ಊರಿನಿಂದ ಬೆಂಗಳೂರಿನ ಕೇಂದ್ರ ಕಚೇರಿಗೆ ಹೋಗುವುದೇ ಒಂದು ಸಾಹಸ. ಹಾಸನದ ಮೂಲಕ ಬೆಂಗಳೂರಿಗೆ ರೈಲು ಬಂದದ್ದು 1979ರಲ್ಲಿ. ಅಲ್ಲಿಯವರೆಗೆ ರೈಲೇ ಬೇಕೆಂದವರು ದಕ್ಷಿಣಕ್ಕೆ ಹೊರಟು, ಕಲ್ಲಿಕೋಟೆ, ಶೊರನೂರು, ಪೋದನೂರು, ಸೇಲಂ, ಜೋಲಾರಪೇಟೆ ಸುತ್ತಿ ಬರಬೇಕು. ಇಲ್ಲವಾದರೆ ಸಂಪಾಜೆ ಘಟ್ಟ ಹತ್ತಿ ಮಡಿಕೇರಿ, ಮೈಸೂರು ದಾಟುವ ಬಸ್ಸು. ಪೆಟ್ರೋಲು ಸೇನೆಯ ಪಾಲಾಗಿದ್ದರಿಂದ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಬೆನ್ನಿಗೆ ಕುಲುಮೆ ಕಟ್ಟಿಕೊಂಡ ಆ ಬಸ್ಸು ಏರು ಬಂದಾಗ ಉಸಿರು ಬಿಡುತ್ತ ನಿಂತರೆ ಪ್ರಯಾಣಿಕರು ಇಳಿದು ನಡೆಯುವುದು ಮಾಮೂಲು.

ದಾರಿಗಿಂತ ಕಷ್ಟದ್ದು ಇನ್ನೊಂದಿತ್ತು. ದಳ ಹುಟ್ಟಿದ 1942ರಲ್ಲೇ, ಆಗಸ್ಟಿನಲ್ಲಿ, ‘ಭಾರತ ಬಿಟ್ಟು ತೊಲಗಿ’ ಚಳವಳಿ ಭುಗಿಲೆದ್ದಿತು. ಮಂಗಳೂರು ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಊರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಕಮಲಾದೇವಿ ಚಟ್ಟೋಪಾಧ್ಯಾಯರು ಹುಟ್ಟಿದ ಊರು. ಒಂದು ಮನೆಯ ಮಗ ಜೈಲಿನಲ್ಲಿ, ಪಕ್ಕದ ಮನೆಯ ಮಗಳು ಬ್ರಿಟಿಷ್ ಜನರಲನ ಕಚೇರಿಯಲ್ಲಿ ಎಂಬಂಥ ಕಾಲದಲ್ಲಿ ಸೇನೆಯ ಸಂಬಳ ತಂದವರು ಅದನ್ನು ಡಂಗುರ ಸಾರಿ ಹೇಳುವಂತಿರಲಿಲ್ಲ. ಯುದ್ಧ ಮುಗಿದ ಮೇಲೂ ಹಾಗೆಯೇ. ಸ್ವಾತಂತ್ರ್ಯ ಹೋರಾಟದ ಚರಿತ್ರೆ ಅವರನ್ನು ಕರೆಯಲಿಲ್ಲ. ಬ್ರಿಟಿಷರ ಯುದ್ಧಚರಿತ್ರೆ ದಂಡನಾಯಕರ ಹೆಸರುಗಳಲ್ಲೇ ತುಂಬಿಹೋಯಿತು. ಮನೆಗಳಲ್ಲಿ ಅದು ‘ಮದುವೆಗೆ ಮೊದಲು ಕೆಲವು ವರ್ಷ ಆಫೀಸಿನಲ್ಲಿದ್ದಳು’ ಎಂಬ ಒಂದು ಸಾಲಿಗೆ ಇಳಿಯಿತು. ಸೇನೆಯ ಗುಟ್ಟುಗಳನ್ನು ನಂಬಿ ಒಪ್ಪಿಸಿದ ಕೆಲಸವನ್ನು ‘ಆಫೀಸು’ ಎಂದು ಮುಗಿಸಿಬಿಟ್ಟದ್ದು ನ್ಯಾಯವಲ್ಲ.

ನೌಕಾದಳದ ಕಥೆ ಚಿಕ್ಕದಾದರೂ ಮೆರುಗಿನದು. ವ್ಯಾಕ್ ಐನ ನೌಕಾ ವಿಭಾಗಕ್ಕೆ 1944ರಲ್ಲಿ ವಿಮೆನ್ಸ್ ರಾಯಲ್ ಇಂಡಿಯನ್ ನೇವಲ್ ಸರ್ವಿಸ್ ಎಂಬ ಬೇರೆ ಹೆಸರು, ನೀಲಿ ಅಂಚಿನ ಬಿಳಿ ಸೀರೆಯ ಬೇರೆ ಉಡುಪು ಬಂದವು. ಅದರ ಸೆಕೆಂಡ್ ಆಫೀಸರ್ ಕಲ್ಯಾಣಿ ಸೇನ್ 1945ರಲ್ಲಿ ಬ್ರಿಟನ್ನಿಗೆ ಹೋಗಿ ಅಲ್ಲಿನ ನೌಕಾ ಮಹಿಳೆಯರ ತರಬೇತಿಯನ್ನು ನೋಡಿ ಬಂದರು. ಬ್ರಿಟನ್ನಿಗೆ ಭೇಟಿ ಕೊಟ್ಟ ಮೊದಲ ಭಾರತೀಯ ಸೇನಾ ಮಹಿಳೆ ಅವರೇ. ಸ್ಕಾಟ್ಲೆಂಡಿನ ರೋಸಿತ್ ನೌಕಾನೆಲೆಯಲ್ಲಿ ಸೀರೆಯುಟ್ಟು ನಿಂತ ಅವರ ಫೋಟೋ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ಯುದ್ಧ ಮುಗಿಯಿತು. ದಳವೂ ಮುಗಿಯಿತು. 1947ರ ಹೊತ್ತಿಗೆ ಖಾಕಿ ಸೀರೆ ಟ್ರಂಕು ಸೇರಿತ್ತು.

ಸ್ವತಂತ್ರ ಭಾರತ ಆ ಬಾಗಿಲನ್ನು ತೆರೆದಿಡಲಿಲ್ಲ. 1950ರ ಸೇನಾ ಕಾಯ್ದೆಯ 12ನೇ ವಿಧಿಯ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಿಗೆ ಬಿಟ್ಟರೆ ಹೆಂಗಸರು ಸೇನೆಗೆ ಸೇರುವಂತಿಲ್ಲ. ವೈದ್ಯರು, ದಾದಿಯರನ್ನು ಬಿಟ್ಟರೆ ಆ ಅಧಿಸೂಚನೆ ಬಂದದ್ದು 1992ರ ಜನವರಿಯಲ್ಲಿ. ಅಂಚೆ, ಕಾನೂನು, ಶಿಕ್ಷಣ, ಶಸ್ತ್ರಾಗಾರ, ಸರಬರಾಜು ಹೀಗೆ ಕೆಲವೇ ವಿಭಾಗಗಳು ತೆರೆದವು. ಪಟ್ಟಿಯನ್ನು ನೋಡಿದರೆ 50 ವರ್ಷದ ಹಿಂದಿನ ವ್ಯಾಕ್ ಐ ಕೆಲಸಗಳ ನೆನಪಾಗದೆ ಇರದು.

ಇದರಲ್ಲೊಂದು ವಿಚಿತ್ರ ತಿರುವಿದೆ. 1942ರಲ್ಲಿ ಸೇನೆಯ ಒಳಗೆ ಕಾಲಿಡಲು ಹೆಂಗಸರಿಗೆ ದಾರಿಯಾದದ್ದು ಕಚೇರಿಯ ಕುರ್ಚಿ. 2019ರ ಫೆಬ್ರವರಿಯಲ್ಲಿ ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕ ಕೊಡುವ ಆದೇಶ ಹೊರಟಾಗ ಅದೇ ಕುರ್ಚಿ ಬೇಲಿಯಾಯಿತು. ಕೇಂದ್ರ ಕಚೇರಿಗಳ ಸಿಬ್ಬಂದಿ ಹುದ್ದೆಗಳಲ್ಲಿ ಮಾತ್ರ ಅವರು ಇರಬೇಕು, ತುಕಡಿಯ ಮುಖ್ಯಸ್ಥರಾಗುವಂತಿಲ್ಲ ಎಂಬುದು ಸರ್ಕಾರದ ನಿಲುವು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟು, ಬಬಿತಾ ಪುನಿಯಾ ಮೊಕದ್ದಮೆಯಲ್ಲಿ, ಆ ನಿರ್ಬಂಧವನ್ನು ಕಿತ್ತುಹಾಕಿತು. ಮರುವರ್ಷ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ ಸೇನೆಯ ಮೊದಲ ಮಹಿಳಾ ಸಿಪಾಯಿಗಳ ತಂಡ ಹೊರಬಂತು. ತಂಡದಲ್ಲಿದ್ದವರು 83 ಮಂದಿ.

ಹಳೆಯ ದಳದ ಕಡೆಗೆ ಮರಳಿದರೆ, ಮಂಗಳೂರಿನ ಮನೆಗಳಲ್ಲಿ ಅದರ ಗುರುತು ಹುಡುಕುವವರಿಗೆ ಕೆಲವು ಕುರುಹು ಹೇಳಬಹುದು. ಒಂದು ಬದಿ ಆರನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿ ಎರಡು ತಲೆಯ ಡ್ರ್ಯಾಗನ್ನಿನ ಮೇಲೆ ಕಾಲೂರಿ ನಿಂತ ಸಿಂಹ ಇದ್ದರೆ ಅದು 1939-45ರ ವಾರ್ ಮೆಡಲ್. ಪೂರ್ಣಾವಧಿಯಾಗಿ 28 ದಿನ ಸೇವೆ ಮಾಡಿದವರಿಗೆ ಅದು ಸಲ್ಲುತ್ತಿತ್ತು. ಹಿಂಬದಿಯಲ್ಲಿ ಭಾರತದ ನಕ್ಷೆ ಇರುವ ಪದಕವಾದರೆ ಇಂಡಿಯಾ ಸರ್ವಿಸ್ ಮೆಡಲ್. ಇದು ಸಿಗಲು ಮೂರು ವರ್ಷದ ಸೇವೆ ಬೇಕಿತ್ತು, ಲೆಕ್ಕ 1945ರ ಸೆಪ್ಟೆಂಬರ್ 2ಕ್ಕೆ ಮುಗಿಯುತ್ತಿತ್ತು. ದಳ ಹುಟ್ಟಿದ್ದೇ 1942ರಲ್ಲಾದ್ದರಿಂದ, ಮೊದಲ ತಿಂಗಳುಗಳಲ್ಲೇ ಹೆಸರು ಕೊಟ್ಟವರ ಬಳಿ ಮಾತ್ರ ಇದು ಇರಲು ಸಾಧ್ಯ. ಬಿಡುಗಡೆ ಪತ್ರ, ಗುರುತು ಚೀಟಿ, ಟೈಪಿಂಗ್ ಹೈಯರ್ ಸರ್ಟಿಫಿಕೇಟು, ಸಮವಸ್ತ್ರದ ಫೋಟೋ ಸಿಕ್ಕಿದರೆ ಅವನ್ನು ಲ್ಯಾಮಿನೇಟ್ ಮಾಡಿಸಬಾರದು. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಟ್ಟು, ಹಿಂದೆ ಮುಂದೆ ಎರಡೂ ಬದಿಯ ಸ್ಕ್ಯಾನ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಪತ್ರಗಳ ಹಿಂಬದಿಯಲ್ಲೇ ಎಷ್ಟೋ ಸಲ ದಿನಾಂಕ, ಘಟಕದ ಮುದ್ರೆ ಇರುತ್ತವೆ.